ಹೋಗಿ ಬರುವ ಹುಳ

ಹನ್ನೊಂದು ಹೆಜ್ಜೆ. ಎಡಗಡೆಯ ಹಸಿರು ಬಂಡೆಯಿಂದ ಹೊರಟ ಹುಳ ಹನ್ನೊಂದು ಹೆಜ್ಜೆ ನಡೆದು, ಬಲಗಡೆಯ ಮೋಟುಗೋಡೆಗೆ ಮೂತಿ ತಾಗಿಸಿ, ಏನನ್ನೋ ಮರೆತು ಬಂದವರ ಹಾಗೆ ಅರೆಗಳಿಗೆ ನಿಂತು, ಮತ್ತೆ ಬಂದ ದಾರಿಯನ್ನೇ ಹಿಡಿಯುತ್ತಿತ್ತು. ಟೀವಿಯೊಳಗಿನ ಹುಳ ಅದು. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಕೆಂಪು ಮೈ, ಬೆನ್ನ ಮೇಲೆ ಎರಡು ಕಪ್ಪು ಚುಕ್ಕೆ. ಆರು ಕಾಲು ಬರೆದಿದ್ದರೂ ಅಲ್ಲಾಡುತ್ತಿದ್ದದ್ದು ಮುಂದಿನ ಎರಡೇ. ಮೊಮ್ಮಗಳು ಕೃತಿಕಾಳ ಆಟದಲ್ಲಿ ಎಲ್ಲರಿಗಿಂತ ಮೊದಲು ಎದುರಾಗುವ, ಎಲ್ಲರಿಗಿಂತ ಬಡಪಾಯಿಯಾದ ವೈರಿ. ಅದಕ್ಕೆ ಕಚ್ಚಲು ಬಾರದು, ಬೆನ್ನಟ್ಟಲು ಬಾರದು. ಅದರ ಪಾಡಿಗೆ ಅದು ನಡೆಯುತ್ತದೆ, ಮೈಗೆ ಮೈ ತಾಗಿದರೆ ನಾವು ಸಾಯುತ್ತೇವೆ, ತಲೆಯ ಮೇಲೆ ಕಾಲಿಟ್ಟರೆ ಅದು ಸಾಯುತ್ತದೆ, ಅಷ್ಟೆ. ಕೆಂಚಣ್ಣ ಅದರ ಹೆಜ್ಜೆ ಎಣಿಸುತ್ತ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಕಮಲಕ್ಕ. ಇಬ್ಬರ ತೊಡೆಗಳ ನಡುವೆ ಒಂದೇ ಗುಂಡಿಪೆಟ್ಟಿಗೆ. ಅದರ ಎಡಗಡೆಯ ಗುಂಡಿ ಕಮಲಕ್ಕನ ಎಡಗೈಯದು, ಆಟದ ಹಳದಿ ಲಂಗದ ಹುಡುಗಿಯನ್ನು ಹಿಂದೆ ಮುಂದೆ ನಡೆಸುವುದು ಅದು. ಬಲಗಡೆಯದು ಜಿಗಿಸುವ ಗುಂಡಿ. ಅದರ ಮೇಲೆ ಕಮಲಕ್ಕನ ಸತ್ತಂತಿದ್ದ ಬಲಗೈ ಹೆಬ್ಬೆರಳು, ಆ ಬೆರಳಿನ ಮೇಲೆ ಕೆಂಚಣ್ಣನ ಹೆಬ್ಬೆರಳು. ಹೀಗೆ ನಡೆಸುವವಳು ಅವಳು, ಜಿಗಿಸುವವನು ಅವನು, ನಡುವೆ ಆ ಹುಡುಗಿ. ಹೊರಗೆ ಹರಿಹರದ ಮಧ್ಯಾಹ್ನದ ಬಿಸಿಲು, ರೈಲು ಬಂದು ಹೋದ ಮೇಲಿನ ನಿಶ್ಶಬ್ದ. ಮನೆಯಲ್ಲಿ ಇಬ್ಬರೇ. ಇವತ್ತು ಹೇಳಿಬಿಡಬೇಕು ಅಂದುಕೊಂಡ ಕೆಂಚಣ್ಣ. ನಿನ್ನೆಯೂ ಇದೇ ಹೊತ್ತಿಗೆ ಹಾಗೆಯೇ ಅಂದುಕೊಂಡಿದ್ದ.

ಹೇಳಬೇಕಾದದ್ದು ದೊಡ್ಡದೇನಲ್ಲ. ಎಂಟು ತಿಂಗಳ ಹಿಂದೆ ಕಮಲಕ್ಕನಿಗೆ ಲಕ್ವ ಹೊಡೆದ ದಿನ ಮನೆಯಲ್ಲಿದ್ದವನು ಅವನೊಬ್ಬನೇ, ಮೂರು ತಾಸು ಅವಳ ಮುಂದೆಯೇ ಓಡಾಡಿಕೊಂಡಿದ್ದ, ಅಷ್ಟು ಹೊತ್ತು ಅವನಿಗೆ ತಿಳಿಯಲಿಲ್ಲ. ಯಾಕೆ ತಿಳಿಯಲಿಲ್ಲ ಅನ್ನುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಸ್ವಲ್ಪ ಮುಂಚೆ ತಂದಿದ್ದರೆ ಇನ್ನೂ ಚೆನ್ನಾಗಿತ್ತು ಅಂದಾಗ ಮಗ ರಮೇಶ, ನಮ್ಮಪ್ಪ ನೋಡಿದ ತಕ್ಷಣ ಆಟೋ ಕರೆಸಿದ್ದಾರೆ ಸರ್ ಅಂದಿದ್ದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಂಚಣ್ಣ ಗೋಡೆಯ ಮೇಲಿದ್ದ ಎಲುಬುಗೂಡಿನ ಪಟ ನೋಡುತ್ತ ನಿಂತಿದ್ದ. ಆಮೇಲೆ ತಿಂಗಳುಗಟ್ಟಲೆ ಅವಳಿಗೆ ಮಾತಿರಲಿಲ್ಲ. ಆಗ ಹೇಳಬಹುದಿತ್ತು. ಆದರೆ ತಿರುಗಿ ಬೈಯಲು ಆಗದವಳ ಮುಂದೆ ತಪ್ಪೊಪ್ಪಿಕೊಳ್ಳುವುದು ಕಳ್ಳತನ ಅನ್ನಿಸಿ ಸುಮ್ಮನಿದ್ದ. ಈಗ ಮಾತು ಬರುತ್ತಿದೆ, ದಿನಕ್ಕೆ ನಾಲ್ಕು ಹೆಚ್ಚು. ಈಗ ಹೇಳಿದರೆ ಅವಳು ಏನಾದರೂ ಅನ್ನುತ್ತಾಳೆ. ಅವಳು ಏನನ್ನುತ್ತಾಳೋ ಅನ್ನುವುದೇ ಭಯ.

"ಈಗ," ಅಂದಳು ಕಮಲಕ್ಕ. ಕೆಂಚಣ್ಣ ಒತ್ತಿದ, ಹುಡುಗಿ ಜಿಗಿದಳು. ಅಷ್ಟರಲ್ಲಿ ಹುಳ ತಿರುಗಿಯಾಗಿತ್ತು. ಅದರ ಆಚೆ ಬೀಳಬೇಕಾದವಳು ಅದರ ಮುಂದೆಯೇ ಬಿದ್ದಳು, ಮೈಗೆ ಮೈ ತಾಗಿತು, ಜೀವಕ್ಕೊಂದರಂತೆ ಟೀವಿಯ ಮೂಲೆಯಲ್ಲಿದ್ದ ಮೂರು ದೀಪಗಳಲ್ಲಿ ಒಂದು ಆರಿತು. "ತಡ," ಅಂದಳು. ತಡವಾಯಿತು ಅಂತ ಅವನೂ ಒಪ್ಪಿಕೊಂಡ.

ಈ ಆಟದ ಉಸಾಬರಿ ಶುರುವಾದದ್ದು ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿಯಿಂದ. ಬೆರಳು ತಾನಾಗಿ ಆಡದಿದ್ದರೆ ಮೇಲಿಂದ ನೀವೇ ಒತ್ತಿ ಆಡಿಸಿ, ನೂರು ಸಲ, ಇನ್ನೂರು ಸಲ, ಮನಸ್ಸಿಗೆ ಹಿಡಿಸುವ ಕೆಲಸ ಆದರೆ ಒಳ್ಳೆಯದು ಅಂದಿದ್ದಳು. ರಬ್ಬರಿನ ಚೆಂಡು ಕೊಟ್ಟರೆ ಕಮಲಕ್ಕ ಅದನ್ನು ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದಳು. ಕಾಳು ಆರಿಸಲು ಕೊಟ್ಟರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಏಳನೇ ಕ್ಲಾಸಿನ ಕೃತಿಕಾ ಒಂದು ಭಾನುವಾರ ತನ್ನ ಗುಂಡಿಪೆಟ್ಟಿಗೆಯನ್ನೇ ತಂದು ಇಬ್ಬರ ನಡುವೆ ಇಟ್ಟಳು. ಮೊದಲ ದಿನ ಹುಳ ಅವರನ್ನು ಇಪ್ಪತ್ತೆರಡು ಸಲ ಕೊಂದಿತು. ಕೃತಿಕಾ ನೆಲದ ಮೇಲೆ ಹೊರಳಾಡಿ ನಕ್ಕಳು, ಈ ಹುಳದ ಕೈಯಲ್ಲಿ ಸತ್ತವರನ್ನು ನಾನು ನೋಡೇ ಇಲ್ಲಜ್ಜ ಅಂದಳು. ರಮೇಶನೂ ಬಾಗಿಲ ಬಳಿ ನಿಂತು ನಕ್ಕ. ಎಪ್ಪತ್ತೆರಡು ವರ್ಷದ ಕೆಂಚಣ್ಣನ ಮುಖ ಕೆಂಪಾಗಿತ್ತು. ಇಪ್ಪತ್ತೆರಡನೇ ಸಲ ಸತ್ತಾಗ, ಎರಡು ತಿಂಗಳಿಂದ ಬರೀ ಊಂ ಆಂ ಅನ್ನುತ್ತಿದ್ದ ಕಮಲಕ್ಕ ಟೀವಿಯ ಕಡೆ ನೋಡಿ ಸ್ಪಷ್ಟವಾಗಿ, "ಥೂ, ಉಣ್ಣಿ," ಅಂದಳು. ಮನೆಯೆಲ್ಲ ನಿಂತಲ್ಲೇ ನಿಂತಿತು. ಸೊಸೆ ಶೋಭಾರಾಣಿ ಕೈಯ ಹಿಟ್ಟನ್ನೂ ತೊಳೆಯದೆ ಓಡಿ ಬಂದು ಅತ್ತೆಯ ಮುಂದೆ ಕುಕ್ಕರಿಸಿ, ಇನ್ನೊಂದ್ಸಲ ಬೈಯ್ರಿ ಅತ್ತೆ, ನನ್ನೇ ಬೈಯ್ರಿ ಅಂದಳು. ಹದಡಿಯ ದನಕರುಗಳ ಮನೆಯಲ್ಲಿ ಹುಟ್ಟಿದ ಕಮಲಕ್ಕನಿಗೆ ಅದು ದನದ ಮೈಗೆ ಅಂಟುವ ಉಣ್ಣಿಯ ಹಾಗೆ ಕಂಡಿತ್ತು. ಕೆಂಚಣ್ಣನಿಗೆ ಮಾತ್ರ ಅದು ತಿಗಣೆ. ಮಿಲ್ಲಿನ ಸಾಲುಮನೆಗಳ ಹಗ್ಗದ ಮಂಚದಲ್ಲಿ ಇಂಥವೇ ಇದ್ದವು. ಕೃತಿಕಾ ಇಂಗ್ಲಿಷಿನ ಒಂದು ಹೆಸರು ಹೇಳಿದಳು, ಅದು ಇಬ್ಬರ ಬಾಯಿಗೂ ಬರಲಿಲ್ಲ. ಉಣ್ಣಿ ಅಂತಲೇ ಉಳಿಯಿತು.

ಅವತ್ತಿನಿಂದ ಆ ಹುಳದ ಮೇಲೆ ಕೆಂಚಣ್ಣನಿಗೆ ಒಂದು ಬಗೆಯ ಗೌರವ. ಡಾಕ್ಟರು ಎಬ್ಬಿಸಲಾಗದ ಮಾತನ್ನು ಅದು ಎಬ್ಬಿಸಿತ್ತು. ಮಧ್ಯಾಹ್ನ ಊಟ ಆಗಿ, ತಟ್ಟೆ ತೊಳೆದಿಟ್ಟು, ಅವಳಿಗೆ ಮಾತ್ರೆ ನುಂಗಿಸಿ, ದಿಂಬು ಆನಿಸಿ ಕೂರಿಸಿ ಟೀವಿ ಹಚ್ಚಿದರೆ ಶೋಭಾರಾಣಿ ಸ್ಕೂಲಿನ ಆಫೀಸು ಕೆಲಸ ಮುಗಿಸಿ ನಾಲ್ಕೂವರೆಗೆ ಬರುವ ತನಕ ಇಬ್ಬರೂ ಅಲ್ಲಾಡುತ್ತಿರಲಿಲ್ಲ. ನಲವತ್ತಾರು ವರ್ಷದ ಸಂಸಾರದಲ್ಲಿ ಹೀಗೆ ಭುಜಕ್ಕೆ ಭುಜ ತಾಗಿಸಿ ಕೂತ ಹೊತ್ತು ಅವನಿಗೆ ನೆನಪಾಗುತ್ತಿರಲಿಲ್ಲ. ಮಿಲ್ಲಿನ ಪಾಳಿ, ಮಿಲ್ಲು ಮುಚ್ಚಿದ ಮೇಲೆ ಮಲೆಬೆನ್ನೂರಿನ ಅಕ್ಕಿ ಗಿರಣಿಯ ಕಾವಲು, ಬೆಳಗಿನ ಬಸ್ಸು, ಸಂಜೆಯ ಬಸ್ಸು. ಈಗ ನೋಡಿದರೆ ಅವಳ ಎಡಗೈ ಬಳೆ ಅವನ ಮೊಣಕೈಗೆ ತಾಗುತ್ತದೆ, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ. ಇದು ಸುಖವೇ ಹೌದು. ಹೆಂಡತಿಯ ಒಂದು ಕೈ ಹೋದ ಮೇಲೆ ತನಗೆ ಸುಖ ಸಿಕ್ಕಿತಲ್ಲ ಅನ್ನುವುದು ಹೊಳೆದಾಗ ಮಾತ್ರ ಅವನು ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದ.

ಹುಳವನ್ನು ತುಳಿಯಲು ಕಲಿತ ಮೇಲೆ ಇನ್ನೊಂದು ಫಜೀತಿ. ತುಳಿದ ಕೂಡಲೇ ಕಮಲಕ್ಕ ಗುಂಡಿಯಿಂದ ಎಡಗೈ ತೆಗೆದು ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು, ಯಾರಿಗಾದರೂ ಕಾಲು ತಾಗಿದರೆ ಮಾಡುತ್ತಾರಲ್ಲ, ಹಾಗೆ. ಅದು ಅವಳ ಕೈಗೆ ಹುಟ್ಟಿನಿಂದ ಬಂದದ್ದು, ಪೊರಕೆಗೆ ಕಾಲು ತಾಗಿದರೂ ಬಿಟ್ಟವಳಲ್ಲ. ಹುಳದ ಆಚೆ ಎರಡು ಮಾರು ಜಾಗ, ಅದು ಕುಸಿಯುವ ಹಲಗೆ, ಅದರ ಮೇಲೆ ನಿಂತವರು ಕೆಳಗೆ ಹೋಗುತ್ತಾರೆ. ಇವಳು ಕಣ್ಣಿಗೊತ್ತಿಕೊಂಡು ಬರುವಷ್ಟರಲ್ಲಿ ಹುಡುಗಿ ಹಲಗೆಯ ಸಮೇತ ಪಾತಾಳಕ್ಕೆ. ಅದು ನಿಜವಾದ ಹುಳ ಅಲ್ಲಜ್ಜಿ, ಬರೀ ಬೆಳಕು ಅಂತ ಕೃತಿಕಾ ಎಷ್ಟು ಹೇಳಿದರೂ ಕೇಳಲಿಲ್ಲ. ಬೆಳಕಿಗೆ ಕಾಲು ತಾಗಿಸಬಹುದು ಅಂತ ಯಾರು ಹೇಳಿಕೊಟ್ಟರು ನಿನಗೆ ಅನ್ನುವ ಹಾಗೆ ಮೊಮ್ಮಗಳನ್ನು ನೋಡಿದಳು. ಕೊನೆಗೆ ತುಳಿಯುವುದೇ ಬೇಡ, ದಾಟಿ ಹೋಗೋಣ ಅಂತ ಇಬ್ಬರೂ ಗೊತ್ತುಮಾಡಿಕೊಂಡರು. ದಾಟುವುದು ತುಳಿಯುವುದಕ್ಕಿಂತ ಕಷ್ಟ. ಹುಳ ಗೋಡೆಗೆ ಮೂತಿ ತಾಗಿಸಿ ನಿಂತ ಆ ಅರೆಗಳಿಗೆಯಲ್ಲೇ ಜಿಗಿಯಬೇಕು.

ಹೆಜ್ಜೆ ಎಣಿಸುವ ಅಭ್ಯಾಸ ಕೆಂಚಣ್ಣನಿಗೆ ಹೊಸದಲ್ಲ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಅವನ ಕೆಲಸ ಅದೇ ಆಗಿತ್ತು. ಎರಡು ಕಡೆ ಉದ್ದಕ್ಕೆ ನೂಲುವ ಯಂತ್ರ, ನಡುವೆ ಒಬ್ಬ ಹಿಡಿಸುವಷ್ಟು ಓಣಿ. ಆ ತುದಿಯಿಂದ ಈ ತುದಿಗೆ ನಡೆಯುತ್ತ, ಕಡಿದ ಎಳೆ ಕಂಡಲ್ಲಿ ಹೆಬ್ಬೆರಳು ತೋರುಬೆರಳಲ್ಲಿ ಹೊಸೆದು ಕೂಡಿಸುವುದು. ಎಳೆ ಕಡಿಯದಿದ್ದರೂ ನಡೆಯಬೇಕು, ನಿಂತದ್ದು ಕಂಡರೆ ಮೇಲ್ವಿಚಾರಣೆಯ ಜಾಬರ ಬೈಯುತ್ತಿದ್ದ. ಐವತ್ತೆರಡು ಹೆಜ್ಜೆ, ಗೋಡೆ, ತಿರುಗು. ಕಿವಿಯಲ್ಲಿ ಗದ್ದಲ, ಹುಬ್ಬಿನ ಮೇಲೆ ಹತ್ತಿ. ಆ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಮಿಲ್ಲಿನವರೆಲ್ಲ ಮುಖ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರು, ತುಟಿ ಅಲುಗಿದರೆ ಸಾಕಿತ್ತು. ಅಷ್ಟು ಕಲಿತವನು ಹೆಂಡತಿಯ ಮುಖ ಒಂದು ಕಡೆ ಇಳಿದದ್ದನ್ನು ಓದಲಿಲ್ಲ. ಹೋದ ತಿಂಗಳು ಹಳೆಯ ಗೆಳೆಯ ಮಸ್ತಾನಸಾಬ್ ದಾವಣಗೆರೆಯಿಂದ ಕಮಲಕ್ಕನನ್ನು ನೋಡಲು ಬಂದವನು, ಟೀವಿಯಲ್ಲಿ ಹುಳ ಓಡಾಡುವುದನ್ನು ಬಾಯಿಗೆ ಹಾಕಿದ ಮಂಡಕ್ಕಿ ಅಗಿಯದೆ ನೋಡಿ, "ಅಕ್ಕಾರೆ, ಇದು ನಮ್ ಕೆಂಚಣ್ಣನೇ ಕಣ್ರಿ. ಎರಡನೇ ಪಾಳಿ ಕೆಂಚಣ್ಣ. ನಡಿಗಿ ನೋಡ್ರಿ," ಅಂದಿದ್ದ. ಕಮಲಕ್ಕ ನಕ್ಕ ನಗುವಿಗೆ ಕೆಮ್ಮು ಬಂದು ನೀರು ಕುಡಿಸಬೇಕಾಯಿತು.

ಮಸ್ತಾನಸಾಬ್ ಹೋದ ಮೇಲೆ ಕೃತಿಕಾ ಇನ್ನೊಂದು ಸಂಗತಿ ಹೇಳಿದ್ದಳು. ಈ ಆಟದ್ದು ಒಟ್ಟು ಐದು ಭಾಗ ಬಂದಿವೆಯಂತೆ. ಮೊದಲನೆಯದರಲ್ಲಿ ಹುಳ ಕೆಂಪು. ಎರಡನೆಯದರಲ್ಲಿ ಹಿಮದ ಮೇಲೆ ನಡೆಯುವುದರಿಂದ ಬಿಳಿ. ಮೂರನೆಯದರಲ್ಲಿ ರೆಕ್ಕೆ ಬಂದಿದೆ, ಬಂದರೂ ಗೋಡೆಯ ತನಕ ಹಾರಿ ವಾಪಸು ಬರುವುದೇ. ನಾಲ್ಕನೆಯದರಲ್ಲಿ ಇಲ್ಲವೇ ಇಲ್ಲ. ಐದನೆಯದರಲ್ಲಿ ಯಾವುದೋ ಅಂಗಡಿಯ ಬೋರ್ಡಿನ ಮೇಲೆ ಚಿತ್ರವಾಗಿ ಮಾತ್ರ ಇದೆ. ಇದನ್ನೆಲ್ಲ ಯಾರೋ ಕೂತು ಬರೆದಿಟ್ಟಿದ್ದಾರೆ, ಆ ಹುಳಕ್ಕೇ ಒಂದು ಪುಟ, ಎಲ್ಲೆಲ್ಲಿ ಬರುತ್ತದೆ, ಎಷ್ಟು ಪೆಟ್ಟಿಗೆ ಸಾಯುತ್ತದೆ ಅಂತ. ಮೂರನೇ ಕ್ಲಾಸಿಗೆ ಕಡರನಾಯಕನಹಳ್ಳಿಯ ಶಾಲೆ ಬಿಟ್ಟ ಕೆಂಚಣ್ಣ ಫೋನಿನಲ್ಲಿ ಆ ಪುಟವನ್ನು ಹಿಡಿದು ಸುಮಾರು ಹೊತ್ತು ನೋಡಿದ. ಓದಲು ಬರದಿದ್ದರೂ ನೋಡಿದ. ನಾಲ್ಕನೆಯದರಲ್ಲಿ ಎಲ್ಲಿ ಹೋಯಿತು ಅಂತ ಕಮಲಕ್ಕ ತೊದಲುತ್ತ ಕೇಳಿದಳು, ಮೊಮ್ಮಗಳಿಗೆ ಗೊತ್ತಿರಲಿಲ್ಲ. ಎಲ್ಲಿ ಹೋಗಿರುತ್ತದೆ ಅಂತ ಕೆಂಚಣ್ಣನಿಗೆ ಒಂದು ಅಂದಾಜಿತ್ತು. ಮಿಲ್ಲು ಮುಚ್ಚಿದ ವರ್ಷ ತಾನೂ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗಿ, ಬೀಗ ಹಾಕಿದ ಗೇಟಿನ ಎದುರು ಬೇವಿನ ಮರದ ಕೆಳಗೆ ಉಂಡು ಬರುತ್ತಿದ್ದ. ಜೋಳದ ರೊಟ್ಟಿ, ಎಣ್ಣೆಗಾಯಿ. ರೊಟ್ಟಿ ಎಷ್ಟು ತೆಳ್ಳಗಿರುತ್ತಿದ್ದವೆಂದರೆ ಎತ್ತಿ ಹಿಡಿದರೆ ಆಚೆಯ ಗೇಟು ಕಾಣಬೇಕು.

ರೊಟ್ಟಿ. ಎಲ್ಲಿಂದ ಹೊರಟರೂ ನೆನಪು ಅಲ್ಲಿಗೇ ಬಂದು ಮೂತಿ ತಾಗಿಸುತ್ತದೆ. ಸಂಕ್ರಾಂತಿ ಕಳೆದ ಮೂರನೇ ದಿನ ಬೆಳಿಗ್ಗೆ ಕಮಲಕ್ಕ ತಟ್ಟಿದ ರೊಟ್ಟಿ ದಪ್ಪ ಬಂದಿದ್ದವು, ಒಂದು ಅಂಚು ಹರಿದಿತ್ತು. ಶೋಭಾರಾಣಿ ಕೆಲಸಕ್ಕೆ ಹೊರಡಲು ಬ್ಯಾಗು ಹೆಗಲಿಗೆ ಹಾಕುತ್ತಿದ್ದಳು, ಕೃತಿಕಾ ಷೂ ಕಟ್ಟುತ್ತಿದ್ದಳು. ಕೆಂಚಣ್ಣ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ತೂಗಿ ನೋಡಿ, ಇನ್ನು ಮೇಲೆ ಶೋಭನೇ ತಟ್ಟಲಿ, ಅವಳವು ತೆಳ್ಳಗೆ ಬರ್ತಾವೆ ಅಂದ. ತಮಾಷೆಗೆ ಅಂದದ್ದು. ಸೊಸೆ ಹೌಹಾರಿ ಇಲ್ಲ ಇಲ್ಲ ಅಂದಳು, ಕಮಲಕ್ಕ ಏನೂ ಅನ್ನಲಿಲ್ಲ. ಎಲ್ಲರೂ ಹೋದರು. ಕಮಲಕ್ಕ ಒಲೆ ಆರಿಸಿ ಅಡುಗೆಮನೆಯ ಗೋಡೆಗೆ ಆತು, ಬಲಗೈ ಮಡಿಲಲ್ಲಿಟ್ಟುಕೊಂಡು, ಆ ಕಡೆ ಮುಖ ಮಾಡಿ ಕೂತಳು. ಮುನಿಸು ಅಂದುಕೊಂಡ. ಅವಳು ಮುನಿದರೆ ಹಾಗೆಯೇ, ಬೈಗುಳವಿಲ್ಲ, ಅಳುವಿಲ್ಲ, ಮಾತಿಲ್ಲ. ಅವನೂ ಬಿಡುವವನಲ್ಲ, ಯಾರು ಮೊದಲು ಮಾತಾಡಿದರೋ ಅವರು ಸೋತರು. ಒಂದು ಲೋಟ ಚಹಾ ಕಾಸಿದ, ಒಂದೇ ಲೋಟ, ಅದನ್ನು ಅವಳಿಗೆ ಕೇಳಲಿ ಅಂತ ಸದ್ದು ಮಾಡಿ ಕುಡಿದ. ಬಾಯಾರಿಕೆಯಿಲ್ಲದಿದ್ದರೂ ನೀರಿನ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಂದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಹೋಗಿ ಬಂದ. ಎಷ್ಟು ಸೊಕ್ಕು ನೋಡು ಅಂದುಕೊಂಡ. ಹನ್ನೊಂದೂವರೆಗೆ ಹೋದಾಗ ಅವಳು ಕೂತಲ್ಲೇ ವಾಲಿದ್ದಳು, ಬಾಯಿಯ ಬಲ ಅಂಚಿನಿಂದ ಜೊಲ್ಲು ಸೀರೆಗೆ ಇಳಿದಿತ್ತು. ರೊಟ್ಟಿ ದಪ್ಪವಾದದ್ದು ಯಾಕೆ ಅಂತ ಅವನಿಗೆ ತಿಳಿದದ್ದು ಆಸ್ಪತ್ರೆಯಲ್ಲಿ, ಒಂದು ವಾರ ಕಳೆದ ಮೇಲೆ, ಅವಳ ಬಲಗೈಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸುತ್ತಿದ್ದಾಗ. ಅವಳು ತಟ್ಟುತ್ತಿರುವಾಗಲೇ ಆ ಕೈ ಹೋಗುತ್ತಿತ್ತು. ಹೋಗುತ್ತಿದ್ದ ಕೈಯಲ್ಲೇ ತಟ್ಟಿ ಬಡಿಸಿದ್ದಳು.

"ಈಗ," ಅಂದಳು ಕಮಲಕ್ಕ. ಈ ಸಲ ಅವನು ಮೊದಲೇ ಒತ್ತಿಬಿಟ್ಟಿದ್ದ. ಹುಡುಗಿ ಮೇಲಿನ ಹಲಗೆಗೆ ತಲೆ ಬಡಿಸಿಕೊಂಡು ಹುಳದ ಎದುರಿಗೇ ಇಳಿದಳು. ಎರಡನೇ ದೀಪವೂ ಆರಿತು. ಎಲ್ಲೈತ್ರಿ ಲಕ್ಷ್ಯ ಅಂತ ಕಮಲಕ್ಕ ಕೇಳಿದಳು. ಒಂದೊಂದೇ ಅಕ್ಷರವನ್ನು ತಡಕಾಡಿ ಎತ್ತಿಕೊಂಡು ಬಂದ ಹಾಗೆ ಕೇಳಿದಳು. ಅವನು ಹುಡುಗಿಯನ್ನು ಬಂಡೆಯ ಮೇಲೆ ಹತ್ತಿಸು ಅಂದ. ಅಲ್ಲಿಗೆ ಹುಳ ಬರುವುದಿಲ್ಲ. ಕೆಳಗೆ ಅದು ಹೋಗಿ ಬರುವುದು ಕಾಣುತ್ತಿತ್ತು.

ಆ ಮನೆಯಲ್ಲಿ ಮುನಿಸು ಮುರಿಯುವುದಕ್ಕೆ ಒಂದು ರೀತಿಯಿತ್ತು. ಸೋತವರು ನೇರವಾಗಿ ಮಾತಾಡುತ್ತಿರಲಿಲ್ಲ, ಪಾತ್ರೆಗೋ ಬೆಕ್ಕಿಗೋ ಹೇಳುತ್ತಿದ್ದರು. ಈ ತಂಬಿಗೆಗೆ ಊಟ ಬೇಕೋ ಬ್ಯಾಡೋ ಅಂತ ಕಮಲಕ್ಕ ತಂಬಿಗೆಯನ್ನು ಕೇಳಿದರೆ ಕೆಂಚಣ್ಣ ಎದ್ದು ಕೈ ತೊಳೆಯುತ್ತಿದ್ದ. ಈಗ ಎದುರಿಗೆ ಪಾತ್ರೆಯಿರಲಿಲ್ಲ.

"ಈ ಉಣ್ಣಿಗೆ ಒಂದ್ ಮಾತು ಹೇಳೋದಿತ್ತು," ಅಂದ ಟೀವಿಯನ್ನೇ ನೋಡುತ್ತ.

ಕಮಲಕ್ಕನ ಎಡಗೈ ಗುಂಡಿಯ ಮೇಲೆ ನಿಂತಿತು. "ಹೇಳ್ರಿ. ಅದಕ್ಕೇನ್ ಕೆಲ್ಸ ಐತೆ."

"ಅವತ್ತು ಒಬ್ಬ ಅಡಿಗಿಮನಿಯಾಗ ಮೂರು ಸಲ ಓಡಾಡ್ದ. ಹೆಂಡ್ತಿ ಗ್ವಾಡಿಗೆ ಆತು ಕುಂತಿದ್ಲು. ಮುನಿಸ್ಕಂಡಾಳೆ ಅಂತ ತಿಳ್ಕಂಡ. ಚಾ ಕುಡ್ದ." ಹುಳ ಗೋಡೆ ಮುಟ್ಟಿ ತಿರುಗುವ ತನಕ ಕಾದ. "ಕೈ ಹೋಗ್ತಿತ್ತು ಅಂತ ರೊಟ್ಟಿ ದಪ್ಪ ಆಗಿದ್ದು. ನಾನು ಶೋಭನ ಮುಂದೆ ಆಡ್ಕಂಡೆ. ಮೂರು ತಾಸು, ಕಮಲಿ. ನಾನಲ್ಲೇ ಇದ್ದೆ."

ಅವಳು ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಅವನು ಗಾಬರಿಯಾಗಿ ತಿರುಗಿ ಮುಖ ನೋಡಿದ. ಈ ಸಲ ಸರಿಯಾಗಿ ನೋಡಿದ, ಎರಡೂ ಕಡೆ. ಅವಳು ಮಾತು ಹುಡುಕುತ್ತಿದ್ದಳು, ಅಷ್ಟೆ.

"ಮೂರಲ್ಲ," ಅಂದಳು. "ನಾಕು ಸಲ. ನಾಕ್ನೇ ಸಲ ಕೊಡ ಎತ್ತಿಟ್ರಿ. ತುಂಬಿದ್ ಕೊಡ. ಸುಮ್ ಸುಮ್ನೆ."

ಅವನಿಗೆ ಕೊಡ ನೆನಪಿರಲಿಲ್ಲ. ಎತ್ತಿಟ್ಟಿರಬಹುದು.

"ಗೊತ್ತಿತ್ತಾ ನಿನಗೆ?"

"ಕೈ ಭಾರ ಆಗಿತ್ತು, ಒದ್ದೆ ಚೀಲ ಆದಂಗೆ. ಮೊದ್ಲು... ಬಾಯಿತ್ತು ನನಗೆ. ಕರೀಬೋದಿತ್ತು."

"ಮತ್ತ ಯಾಕ ಕರೀಲಿಲ್ಲ?"

"ಸಿಟ್ಟಿತ್ತಲ್ರಿ." ಅದಕ್ಕಿಂತ ಬೇರೆ ಕಾರಣ ಬೇಕೇ ಅನ್ನುವ ಹಾಗೆ ಅವಳು ಎಡಭುಜ ಕುಣಿಸಿದಳು. "ನಾನ್ಯಾಕ ಮೊದ್ಲು ಮಾತಾಡ್ಲಿ ಅಂತ ಕುಂತೆ. ಆಮ್ಯಾಲೆ ಕರೀಬೇಕು ಅಂದ್ಕಂಡೆ. ಅಷ್ಟೊತ್ತಿಗೆ ಬಾಯಿ ಬರ್ಲಿಲ್ಲ."

ಎಂಟು ತಿಂಗಳಿಂದ ಒಬ್ಬನೇ ಹೊತ್ತು ತಿರುಗಿದ ಮೂಟೆಯ ಇನ್ನೊಂದು ತುದಿಯನ್ನು ಇವಳು ಆಗಿನಿಂದಲೂ ಹಿಡಿದೇ ಇದ್ದಳು ಅಂತ ಕೆಂಚಣ್ಣನಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಮೊದಲು ಬಂದದ್ದು ಸಿಟ್ಟು, ಕೂಗಿದ್ದರೆ ಏನಾಗುತ್ತಿತ್ತು ನಿನಗೆ, ಒಂದು ಕೂಗು, ಹಟಮಾರಿ. ಆ ಸಿಟ್ಟಿನ ಬೆನ್ನಿಗೇ ಅವತ್ತು ಅವಳು ಕೂಗಿದ್ದರೆ ತಾನು ಸೋಲಿಸಿದೆ ಅಂತ ಮೀಸೆ ತಿರುವಿಕೊಂಡು ಒಳಗೆ ಹೋಗುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಎದೆಯೊಳಗೆ ಏನೋ ಸಡಿಲವಾಗಿ, ಅದು ನಗುವಾಗಿ ಹೊರಗೆ ಬಂತು, ಕಣ್ಣಲ್ಲಿ ನೀರೂ ಬಂತು. ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡ. ಅವಳೂ ನಗುತ್ತಿದ್ದಳು, ಎಡಗಡೆಯಲ್ಲಿ ಹೆಚ್ಚು, ಬಲಗಡೆಯಲ್ಲಿ ತುಸು. ನಗುವಿಗೆ ಅವಳ ಕೈ ಜಾರಿ ಹುಡುಗಿ ಬಂಡೆಯಿಂದ ಕೆಳಗೆ ಬಿದ್ದಳು, ಹುಳ ತನ್ನ ದಾರಿಯಲ್ಲಿ ತಾನು ಬಂದು ತಾಗಿತು, ಕೊನೆಯ ದೀಪವೂ ಹೋಯಿತು.

"ಸತ್ವಿ," ಅಂದಳು ಕಮಲಕ್ಕ. ಆಮೇಲೆ ಟೀವಿಯ ಕಡೆಯೇ ನೋಡುತ್ತ, "ಮೂರು ತಾಸಿಂದು ಬಿಡ್ರಿ. ಇಬ್ರದೂ ಐತೆ," ಅಂದಳು. "ರೊಟ್ಟಿದು ಬಿಡಲ್ಲ."

ಅವನು ಬೆಪ್ಪಾಗಿ ನೋಡಿದ. ಅವಳು ಗಂಭೀರವಾಗಿದ್ದಳು. ಸೊಸೆಯ ಎದುರಿಗೆ ಅಂದದ್ದು ಸೊಸೆಯ ಎದುರಿಗೇ ವಾಪಸು ಬರಬೇಕು, ತನ್ನವೇ ತೆಳ್ಳಗಿರುತ್ತಿದ್ದವು ಅಂತ ಅವನ ಬಾಯಿಂದ ಬರಬೇಕು ಅನ್ನುವುದನ್ನು ನಾಲ್ಕು ಸಲ ನಿಂತು ನಿಂತು ಹೇಳಿ ಮುಗಿಸಿದಳು. ಲಕ್ವ ಹೊಡೆದ ಮೇಲೆ ಅವಳು ಆಡಿದ ಎಲ್ಲಕ್ಕಿಂತ ಉದ್ದದ ಮಾತು ಅದು.

ಮೊದಲಿನಿಂದ ಹಚ್ಚಿದರು. ಮೂರು ದೀಪ ಹೊತ್ತಿಕೊಂಡವು, ಹಳದಿ ಲಂಗದ ಹುಡುಗಿ ಎದ್ದು ನಿಂತಳು. ಎರಡು ಸಲ ಸತ್ತು ಮೂರನೆಯದಕ್ಕೆ ಅಣಿಯಾಗುವಾಗ ಗೇಟಿನ ಸದ್ದಾಯಿತು, ಶೋಭಾರಾಣಿ ಚಪ್ಪಲಿ ಬಿಟ್ಟು, ಬೆವರೊರೆಸಿಕೊಳ್ಳುತ್ತ ಒಳಗೆ ಬಂದಳು. ಅವಳು ಬ್ಯಾಗು ಇಳಿಸುವುದನ್ನೂ ಕಾಯದೆ ಕೆಂಚಣ್ಣ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ, "ಶೋಭಾ, ನಿಮ್ಮತ್ತೆ ರೊಟ್ಟಿ ನಿನ್ ರೊಟ್ಟಿಗಿಂತ ತೆಳ್ಳಗಿರ್ತಿದ್ವು," ಅಂದ.

ಶೋಭಾರಾಣಿ ಮಾವನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. ಇಬ್ಬರ ಕಣ್ಣೂ ಟೀವಿಯ ಮೇಲಿತ್ತು.

"ಅದು ಊರಿಗೇ ಗೊತ್ತಲ್ರಿ ಮಾವ," ಅಂದಳು. "ಈಗ್ಯಾಕ ಬಂತು ಆ ಮಾತು?"

ಹುಳ ಗೋಡೆಗೆ ಮೂತಿ ತಾಗಿಸಿ ನಿಂತಿತ್ತು.

"ಈಗ," ಅಂದಳು ಕಮಲಕ್ಕ. ಕೆಂಚಣ್ಣ ಅವಳ ಬೆರಳಿನ ಮೇಲೆ ಬೆರಳೊತ್ತಿದ.